ಫ್ಯಾನಿನ ಕೆಳಗಿನ ಬೆಂಚು

ಜವಾನ ಬಾಗಿಲಿಗೆ ಬಂದು ಕೇಸಿನ ನಂಬರು ಕೂಗಿದ ಕೂಡಲೇ ಬೆಂಚಿನ ಮೇಲಿದ್ದ ಇಬ್ಬರೂ ಒಟ್ಟಿಗೇ ಎದ್ದರು. ಟೈಲರಮ್ಮ ಕನ್ನಡಕ ಒರೆಸಿಕೊಳ್ಳಲೆಂದು ಕೈಚೀಲವನ್ನು ಪಕ್ಕದವನ ಕೈಗೆ ಕೊಟ್ಟಳು. ಅವನೂ ಸುಮ್ಮನೆ ಹಿಡಿದುಕೊಂಡ. ತಾನು ಸಾಕ್ಷಿ, ಅವನು ಆರೋಪಿ ಅನ್ನುವುದು ಅವಳಿಗೆ ನೆನಪಾಗುವಷ್ಟರಲ್ಲಿ ಇಬ್ಬರೂ ಹೊಸಿಲು ದಾಟಿ ಆಗಿತ್ತು. ಅವನು ಕೈಚೀಲದ ಸಮೇತ ಕಟಕಟೆ ಹತ್ತಿದ.

“ಕೇಳಿದಾಗ ಕೈ ತೋರಿಸಿ ‘ಇವನೇ’ ಅನ್ನಿ, ಅಷ್ಟೇ,” ಎಂದು ಸರ್ಕಾರಿ ವಕೀಲರು ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದರು. “ನಿಮ್ಮ ಮಾತಿನ ಮೇಲೇ ಕೇಸು ನಿಂತಿರೋದು.”

ಬೆಳಗ್ಗೆ ಅಣ್ಣನೂ ಅದನ್ನೇ ಹೇಳಿದ್ದ. “ಇವತ್ತಾದ್ರೂ ಮುಗಿಸಿ ಬಾರೇ. ನನ್ನ ಕೈ ಮುರಿದವನು ಆರಾಮಾಗಿ ಓಡಾಡ್ಕೊಂಡಿದಾನೆ.” ಹಾಗೆ ಹೇಳುವಾಗ ಅವನು ಎಡಗೈಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಕಟಿಂಗ್ ಶಾಪ್ ಇಟ್ಟುಕೊಂಡು ಊರವರ ಗಡ್ಡವನ್ನೆಲ್ಲ ಮಾತಾಡುತ್ತಾ ಮಾತಾಡುತ್ತಾ ಹೆರೆದು ಬಿಸಾಡುತ್ತಿದ್ದವನು ಈಗ ತನ್ನ ಗಲ್ಲವನ್ನೇ ಅಲ್ಲಲ್ಲಿ ಕೊಯ್ದುಕೊಂಡಿದ್ದ. ಏಳು ವರ್ಷದ ಹಿಂದೆ ಒಂದು ಸಂಜೆ ಅವನು ಅಂಗಡಿಯ ಶಟರು ಎಳೆಯುತ್ತಿದ್ದಾಗ ಯಾರೋ ಹಿಂದಿನಿಂದ ಬಂದು ಕಬ್ಬಿಣದ ರಾಡಿನಲ್ಲಿ ಹೊಡೆದು, ದುಡ್ಡಿನ ಪೆಟ್ಟಿಗೆ ಎತ್ತಿಕೊಂಡು ಓಡಿದ್ದ. ಬಲಗೈ ಅವತ್ತಿಗೇ ಹೋಯಿತು. ಹೊಡೆದವನ ಮುಖವನ್ನು ಅಣ್ಣ ನೋಡಲಿಲ್ಲ. ಪಕ್ಕದ ಅಂಗಡಿಯಲ್ಲಿ ಹೊಲಿಯುತ್ತಿದ್ದ ಟೈಲರಮ್ಮ ನೋಡಿದ್ದಳು, ಕಣ್ಣಾರೆ.

ಆಗಲೇ ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದಳು. ಆದರೆ ಪೊಲೀಸರು, “ಹಿಡಿದಿದೀವಿ, ಕೋರ್ಟಲ್ಲಿ ಗುರುತಿಸಿ” ಅಂದರು. ಕೋರ್ಟು ವಾಯಿದೆಯ ಮೇಲೆ ವಾಯಿದೆ ಕೊಟ್ಟಿತು. ಒಮ್ಮೆ ನ್ಯಾಯಾಧೀಶರಿಗೆ ರಜೆ, ಒಮ್ಮೆ ವರ್ಗ, ಒಮ್ಮೆ ವಕೀಲರ ಮುಷ್ಕರ, ಇನ್ನೊಮ್ಮೆ ಫೈಲೇ ಪತ್ತೆಯಿಲ್ಲ. ಇಷ್ಟೆಲ್ಲ ನಡೆಯುವಾಗ ಕಾಯುವವರು ಎಲ್ಲಿ ಕೂರಬೇಕು ಅಂತ ಮಾತ್ರ ಯಾವ ಪುಣ್ಯಾತ್ಮನೂ ಯೋಚಿಸಲಿಲ್ಲ. ಆ ಪಡಸಾಲೆಗೆಲ್ಲ ತಿರುಗುವ ಫ್ಯಾನು ಒಂದೇ, ಅದರ ಕೆಳಗೆ ಬೆಂಚು ಒಂದೇ. ಜಾಮೀನಿನ ಮೇಲಿದ್ದ ಅವನೂ ಅಲ್ಲೇ ಕೂರಬೇಕು, ಇವಳೂ ಅಲ್ಲೇ.

ಮೊದಲ ದಿನ ಅವನಿಗೆ ಬೆನ್ನು ಹಾಕಿ, ತುದಿಯಲ್ಲಿ ಕೂತಿದ್ದಳು. ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಎಷ್ಟು ವರ್ಷ ಅಂತ ಗೋಡೆ ನೋಡಿಕೊಂಡು ಕೂರುವುದು? ಒಂದು ಬೇಸಿಗೆಯಲ್ಲಿ ಅವನು, “ಅಕ್ಕಾ, ನೀರು ಬೇಕಾ?” ಅಂತ ಬಾಟಲಿ ಚಾಚಿದ. ಇವಳು ಬರುವುದು ತಡವಾದ ದಿನ ಟವೆಲ್ಲು ಹಾಸಿ ಜಾಗ ಹಿಡಿದಿಟ್ಟ. ಅಂಗಡಿಗಳಿಗೆ ಬೋರ್ಡು ಬರೆಯುವವನಂತೆ. ಕೋರ್ಟಿಗೆ ಬಂದಾಗಲೆಲ್ಲ ಕೈಗೆ ಬಂದ ಕೆಲಸ ಇನ್ನೊಬ್ಬರ ಪಾಲಾಗುತ್ತಿತ್ತಂತೆ. ಮಗಳ ಶಾಲೆಯ ಅಂಗಿಗೆ ಎಷ್ಟು ಬಟ್ಟೆ ಬೇಕಾಗುತ್ತೆ ಅಂತಲೂ ಕೇಳಿದ್ದ. ಇವಳು, ಬೆಳೆಯೋ ಮಗು, ಸ್ವಲ್ಪ ಜಾಸ್ತಿನೇ ತಗೋ ಅಂದಿದ್ದಳು. ಅವತ್ತು ಹೊಡೆದದ್ದು ನೀನೇನಾ ಅನ್ನುವ ಮಾತೊಂದನ್ನು ಬಿಟ್ಟು ಆ ಬೆಂಚಿನ ಮೇಲೆ ಇಬ್ಬರೂ ಎಲ್ಲವನ್ನೂ ಆಡಿದ್ದರು.

“ಕಟಕಟೆಯಲ್ಲಿ ನಿಂತಿದಾನಲ್ಲಮ್ಮಾ, ಆ ವ್ಯಕ್ತಿಯ ಗುರುತು ಸಿಗುತ್ತಾ?” ಸರ್ಕಾರಿ ವಕೀಲರು ಗಟ್ಟಿಯಾಗಿ ಕೇಳಿದರು.

ಅವಳು ಕನ್ನಡಕ ಏರಿಸಿ ನೋಡಿದಳು. ಆ ಸಂಜೆಯ ಮುಖ ತೆಳ್ಳಗಿತ್ತು, ಗಡ್ಡ ಕಪ್ಪಗಿತ್ತು. ಈ ಮುಖ ತುಂಬಿಕೊಂಡಿದೆ, ಗಡ್ಡ ನರೆತಿದೆ. ಮೂಗು ಅದೇನಾ? ಇರಬಹುದು. ಕಣ್ಣು ಮುಚ್ಚಿ ಆ ಸಂಜೆಯನ್ನು ಮತ್ತೆ ನೆನೆದಳು. ಅಣ್ಣ ಬಿದ್ದಿದ್ದ. ರಾಡು ಹಿಡಿದವನು ಇವಳ ಕಡೆ ತಿರುಗಿದ. ತಿರುಗಿ, “ಅಕ್ಕಾ, ನೀರು ಬೇಕಾ?” ಅಂದ. ಟೈಲರಮ್ಮ ಬೆಚ್ಚಿಬಿದ್ದಳು. ಇನ್ನೊಮ್ಮೆ ನೆನೆದಳು. ಈ ಸಲ ಅವನ ಹೆಗಲ ಮೇಲೆ ಟವೆಲ್ಲೂ ಇತ್ತು. ಎಲ್ಲ ಕಲಸುಮೇಲೋಗರ. ಇವನೇ ಅಂದರೆ ಆ ಮಗುವಿನ ಅಪ್ಪ ಜೈಲಿಗೆ. ಇವನಲ್ಲ ಅಂದರೆ ಅಣ್ಣನ ಕೈಗೆ ಯಾರೂ ಹೊಣೆಯಲ್ಲ. ಎರಡರಲ್ಲಿ ಸುಳ್ಳು ಯಾವುದು ಅಂತಲೇ ತಿಳಿಯದೆ ಅವಳಿಗೆ ಅಳು ಬಂತು.

“ಗುರುತು ಇದೆ ಸ್ವಾಮಿ,” ಅಂದಳು.

ವಕೀಲರ ಮುಖ ಅರಳಿತು. ಬೋರ್ಡು ಬರೆಯುವವನು ಕೈಚೀಲವನ್ನು ಎದೆಗೆ ಅವಚಿಕೊಂಡ.

“ಎಲ್ಲಿ ನೋಡಿದ್ದು? ನಿಧಾನವಾಗಿ ನೆನಪು ಮಾಡ್ಕೊಂಡು ಹೇಳಿ,” ಎಂದು ನ್ಯಾಯಾಧೀಶರು ಪೆನ್ನು ಎತ್ತಿದರು. ಪಾಪ, ಅವರು ಈ ಕೋರ್ಟಿಗೆ ವರ್ಗವಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ.

“ಅಂಗಡಿ ಮುಂದೆ ನೋಡಿದ್ದು ಇವರನ್ನೇನಾ ಅಂತ ದೇವರಾಣೆಗೂ ಗೊತ್ತಾಗ್ತಿಲ್ಲ ಸ್ವಾಮಿ. ಅವತ್ತೇ ಕೇಳಿದ್ರೆ ಹೇಳ್ತಿದ್ದೆ. ಈಗ ಎಷ್ಟು ಸಲ ಕಣ್ಣು ಮುಚ್ಚಿದ್ರೂ ಇವರು ನಂಗೆ ಕಾಣೋದು ಅಲ್ಲೇ.”

ಅವಳು ಬಾಗಿಲಾಚೆಗೆ ಕೈ ತೋರಿಸಿದಳು. ನ್ಯಾಯಾಧೀಶರು, ವಕೀಲರು, ಆರೋಪಿ, ಎಲ್ಲರೂ ಅತ್ತ ತಿರುಗಿದರು. ಫ್ಯಾನಿನ ಕೆಳಗಿನ ಬೆಂಚಿಗೆ ಆಗಲೇ ಹೊಸಬರು ಬಂದಿದ್ದರು. ಒಂದು ತುದಿಯಲ್ಲಿ ಒಬ್ಬ ಯುವಕ ತಲೆ ತಗ್ಗಿಸಿ ಕೂತಿದ್ದ. ಇನ್ನೊಂದು ತುದಿಯಲ್ಲಿ, ಹಣೆಗೆ ಹಸಿ ಗಾಯದ ಪಟ್ಟಿ ಕಟ್ಟಿಕೊಂಡ ಮುದುಕರೊಬ್ಬರು ಅವನಿಗೆ ಬೆನ್ನು ಹಾಕಿ, ಗೋಡೆ ನೋಡುತ್ತಾ ಕೂತಿದ್ದರು.