ನಾಲ್ಕನೇ ಭಾಗ ಹೇಗಿತ್ತು?

"ಸಿನಿಮಾ ಹೇಗಿತ್ತು?" ಎಂದು ಹಂಝ ಕೇಳಿದ ಕೂಡಲೇ ರಿಝ್ವಾನನ ತುತ್ತು ಬಾಯಿಯ ಬಳಿಯೇ ನಿಂತಿತು.

ಒಂಬತ್ತು ವರ್ಷದಲ್ಲಿ ಗ್ಯಾರೇಜಿನವರಿಗೆ ಒಂದು ಚಹಾ ಕೊಡಿಸದ ಯಜಮಾನ, ಎಲ್ಲರ ಬಾಯಲ್ಲಿ ‘ಹಂಝಾಕ’, ನಿನ್ನೆ, ಗುರುವಾರ, ಮೂವರು ಕೆಲಸಗಾರರಿಗೂ ಟಿಕೆಟ್ ತೆಗೆಸಿಕೊಟ್ಟಿದ್ದ. ಇವತ್ತು ಜುಮಾ ನಮಾಜು ಮುಗಿದ ಮೇಲೆ ಕೊಲ್ಲಿ ದೇಶದ ಟುಬ್ಲಿಯ ಗ್ಯಾರೇಜಿನ ಮೇಲಿನ ಆಫೀಸಿಗೇ ಕರೆದು ಬಿರಿಯಾನಿ ಬಡಿಸುತ್ತಿದ್ದ. ಅವನ ಬೆನ್ನ ಹಿಂದೆ ಕಬ್ಬಿಣದ ಕಪಾಟು. ಅದರೊಳಗೆ ಮೂವರ ಪಾಸ್‌ಪೋರ್ಟುಗಳು.

ರಿಝ್ವಾನನಿಗೆ ಬೇಕಾಗಿದ್ದುದು ಅದರಲ್ಲಿ ಒಂದೇ ಒಂದು. ಐದು ವರ್ಷದ ಮಗಳು ಹಸ್ನಾಳ ಹೃದಯದ ಆಪರೇಷನ್ ಮುಂದಿನ ಬುಧವಾರ, ಮಂಗಳೂರಿನಲ್ಲಿ. ಎರಡು ಸಲ ಕೇಳಿದ್ದ. ಎರಡು ತಿಂಗಳು ಹೋಗಲಿ ಎಂದಿದ್ದ ಹಂಝ. ಮೂರನೇ ಸಲ ಕೇಳುವ ಧೈರ್ಯವಿರಲಿಲ್ಲ. ಹೋದ ವರ್ಷ ಹಾಗೆ ಕೇಳಿದ ವೆಲ್ಡರನನ್ನು ಕೆಲಸ ಬಿಟ್ಟು ಓಡಿಹೋದವನೆಂದು ಬರೆಸಿ ಜೈಲಿಗೆ ಹಾಕಿಸಿದ್ದ. ಅದಕ್ಕೇ ರಿಝ್ವಾನ್ ಮನಾಮದ ಟೈಪಿಂಗ್ ಅಂಗಡಿಯೊಂದರಲ್ಲಿ ಪಾಸ್‌ಪೋರ್ಟ್ ಬೀಗ ಹಾಕಿಟ್ಟ ಬಗ್ಗೆ ಅರಬಿಯಲ್ಲಿ ನಾಲ್ಕು ಸಾಲು ದೂರು ಬರೆಸಿ, ಹೆಸರು ಹಾಕದೆ, ಕಾರ್ಮಿಕ ಕಚೇರಿಗೆ ತಲುಪಿಸಿದ್ದ. ಭಾನುವಾರ ಅಧಿಕಾರಿಗಳು ಬರುತ್ತಾರೆಂದು ಮೂರು ದಿನಗಳ ಹಿಂದೆ ಹಂಝನಿಗೆ ನೋಟೀಸು ಬಂದಿತ್ತು. ಇನ್ನೆರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಕಪಾಟು ತಾನಾಗಿ ತೆರೆಯುತ್ತಿತ್ತು.

‘ಗೂಢಪಥ’ದ ಮೊದಲ ಮೂರು ಭಾಗಗಳಲ್ಲಿ ಬೇಹುಗಾರ ಇಂದ್ರಸೇನ ಕಟ್ಟಡದಿಂದ ಕಟ್ಟಡಕ್ಕೆ ಹಾರಿದವನು. ನಾಲ್ಕನೆಯದರಲ್ಲಿ ಅವನು ಒಂದು ಗುಂಡನ್ನೂ ಹಾರಿಸುವುದಿಲ್ಲ. ತನ್ನನ್ನು ಸಾಕಿ ಬೆಳೆಸಿದ ಮುಖ್ಯಸ್ಥನೇ ಕಳ್ಳನೆಂದು ತಿಳಿದು, ಹೆಸರಿಲ್ಲದ ಕಾಗದ ಬರೆದು ನ್ಯಾಯಾಧೀಶರಿಗೆ ಕಳಿಸುತ್ತಾನೆ. ಊರಿಗಿಂತ ಒಂದು ದಿನ ಮೊದಲೇ ಇಲ್ಲಿ ತೆರೆಕಂಡ ಸಿನಿಮಾ. ಅಷ್ಟರಲ್ಲೇ ಅಭಿಮಾನಿಗಳು ಎರಡು ಪಾಲಾಗಿ ಫೋನಿನಲ್ಲಿ ಕಚ್ಚಾಡುತ್ತಿದ್ದರು. ರಿಝ್ವಾನ್ ಮಾತ್ರ ಕತ್ತಲಲ್ಲಿ ಕೂತು ಸದ್ದಿಲ್ಲದೆ ಅತ್ತಿದ್ದ.

"ಅವ ಮಾಡಿದ್ದು ಸರಿಯಾ, ತಪ್ಪಾ? ಒಬ್ಬೊಬ್ಬರೇ ಹೇಳಿ," ಎಂದು ಹಂಝ ತಟ್ಟೆಗಳಿಗೆ ಇನ್ನೊಂದೊಂದು ತುಂಡು ಹಾಕಿದ.

ಪೇಂಟರ್ ಮರಿಸ್ವಾಮಿ ಸುಲಭವಾಗಿ ತಪ್ಪಿಸಿಕೊಂಡ. ಏಸಿ ತಣ್ಣಗಿತ್ತು, ಕುರ್ಚಿ ಮೆತ್ತಗಿತ್ತು, ಹೆಸರು ತೋರಿಸುವಾಗ ಮುಚ್ಚಿದ ಕಣ್ಣು ದೀಪ ಹಾಕಿದ ಮೇಲೆ ಬಿಟ್ಟೆ ಎಂದ. ಹಂಝ ನಕ್ಕು ಅವನನ್ನು ಬಿಟ್ಟ.

ಮುಂದಿನ ಸರದಿ ಎಲೆಕ್ಟ್ರಿಷಿಯನ್ ಲೆಸ್ಲಿಯದು. ಶಿರ್ವದವನು, ಮದುವೆಯಾಗಿಲ್ಲ, ಊರಿಗೆ ಹೋಗುವ ಅವಸರವೂ ಇಲ್ಲ. ಇಂದ್ರಸೇನನ ಮಾತೆತ್ತಿದರೆ ಮಾತ್ರ ಅವನಿಗೆ ಎದುರಿಗಿರುವವರು ಯಾರೆಂಬುದೂ ಮರೆತುಹೋಗುತ್ತಿತ್ತು.

"ಹನ್ನೊಂದು ನಿಮಿಷ ಅವ ಬರೀ ಕಾಗದ ಬರೀತಾನೆ. ಮಾತಿಲ್ಲ, ಮ್ಯೂಸಿಕ್ ಇಲ್ಲ. ಅದೇ ಫೈಟು ಹಂಝಾಕ. ಮೂರು ಪಾರ್ಟಲ್ಲಿ ಒಮ್ಮೆಯೂ ನಡುಗದ ಕೈ ಪೆನ್ನು ಹಿಡಿದು ನಡುಗ್ತದೆ."

ರಿಝ್ವಾನನೂ ಅದನ್ನೇ ನೋಡಿದ್ದ. ಅಲ್ಲಿಯೇ ಅವನಿಗೆ ಕಣ್ಣೀರು ಬಂದದ್ದು.

"ಕಾಗದ ಬರೆಯೋದು ನೋಡ್ಲಿಕ್ಕೆ ಟಿಕೆಟ್ ಯಾಕೆ?" ಎಂದ ರಿಝ್ವಾನ್. "ಪೋಸ್ಟಾಫೀಸಿನ ಬೆಂಚಲ್ಲಿ ಕೂತ್ರೆ ಪುಕ್ಕಟೆ ಕಾಣ್ತದೆ."

ಮರಿಸ್ವಾಮಿ ನಕ್ಕ. ಹಂಝನೂ ನಕ್ಕ. ರಿಝ್ವಾನನಿಗೆ ಹುರುಪು ಬಂತು. ನಾಯಕನನ್ನು ಹೇಡಿ ಎಂದ, ನಿರ್ದೇಶಕನಿಗೆ ತಲೆಯಿಲ್ಲ ಎಂದ, ಮುಂದಿನ ಭಾಗ ಬಂದರೆ ತಾನು ಪೋಸ್ಟರನ್ನೂ ನೋಡುವುದಿಲ್ಲ ಎಂದ. ಲೆಸ್ಲಿ ಪ್ರತಿಯೊಂದಕ್ಕೂ ಉತ್ತರ ಕೊಟ್ಟ. ಕೈಯ ಅನ್ನ ಒಣಗುತ್ತಿದ್ದರೂ ಅವನ ವಾದ ನಿಲ್ಲಲಿಲ್ಲ.

"ಅದೆಲ್ಲ ಇರಲಿ," ಎಂದ ಹಂಝ ಮೆಲ್ಲಗೆ. "ಅನ್ನ ಕೊಟ್ಟವನ ಮೇಲೆ ಕಾಗದ ಬರೆಯೋದಾ?"

"ಅನ್ನ ಕೊಟ್ರೆ ಕತ್ತು ಹಿಡೀಲಿಕ್ಕೂ ಪರ್ಮಿಟ್ ಸಿಗ್ತದಾ, ಹಂಝಾಕ?" ಎಂದ ಲೆಸ್ಲಿ.

ಹಂಝನ ಕಣ್ಣು ಲೆಸ್ಲಿಯ ಮೇಲೆ ನೆಟ್ಟಿತು. ಒಂದು ತಮಾಷೆಯ ಮಾತು ಹೇಳಿದ್ದರೆ ರಿಝ್ವಾನ್ ಅದನ್ನು ತಪ್ಪಿಸಬಹುದಿತ್ತು. ಆದರೆ ಬೆಳಿಗ್ಗೆ ಫೋನಿನಲ್ಲಿ ಹಸ್ನಾ ಕೇಳಿದ್ದಳು, ನನ್ನನ್ನು ಮಲಗಿಸುವಾಗ ನೀವು ಪಕ್ಕದಲ್ಲಿ ಇರ್ತೀರಲ್ಲ ಬಾಪಾ ಎಂದು.

"ಇಂಟರ್ವಲ್‌ನಲ್ಲಿ ನೀನೇನು ಹೇಳಿದ್ದಿ ಲೆಸ್ಲಿ?" ಎಂದ. "ನಮ್ಮ ಕಪಾಟಿನ ಮೇಲೂ ಇಂಥ ಒಂದು ಕಾಗದ ಹೋಗ್ಬೇಕು ಅಂತ ಅಲ್ವಾ?"

ಪಾಪ್‌ಕಾರ್ನ್ ತಿನ್ನುತ್ತ ನಗೆಗೆ ಆಡಿದ ಮಾತು ಅದು. ಲೆಸ್ಲಿಯ ಮುಖ ಬಿಳುಚಿಕೊಂಡಿತು. ರಿಝ್ವಾನ್ ಅಲ್ಲಿಗೂ ಬಿಡಲಿಲ್ಲ. ಹೆಸರು ಹಾಕದೆ ದೂರು ಬರೆಯುವವನು ಗಂಡಸೇ ಅಲ್ಲ ಎಂದ, ತನಗೆ ಸಿಕ್ಕಿದ್ದರೆ ಅವನ ಕೈ ಮುರಿಯುತ್ತಿದ್ದೆ ಎಂದ. ಹೇಳಿ ತಟ್ಟೆ ನೋಡುತ್ತ ಮನಸ್ಸಿನಲ್ಲೇ ತೌಬಾ ಹೇಳಿ ದೇವರ ಕ್ಷಮೆ ಬೇಡಿಕೊಂಡ.

ಹಂಝ ಎದ್ದು ಕೈ ತೊಳೆದ. ಬೀಗ ತೆಗೆದು ಲೆಸ್ಲಿಯ ಪಾಸ್‌ಪೋರ್ಟನ್ನು ಹೊರತೆಗೆದ. ಗಡೀಪಾರು ಎಂದುಕೊಂಡ ರಿಝ್ವಾನನಿಗೆ ತಲೆ ಎತ್ತಲಾಗಲಿಲ್ಲ.

"ತಗೋ," ಎಂದ ಹಂಝ, ಒಂದು ಹಾಳೆಯನ್ನೂ ಮುಂದಿಟ್ಟು. "ಪಾಸ್‌ಪೋರ್ಟ್ ಮುಟ್ಟಿತು, ದೂರು ಹಿಂದೆ ತಗೊಂಡೆ ಅಂತ ಬರೆದುಂಟು. ಸೈನ್ ಹಾಕು. ಮೂರು ತಿಂಗಳ ರಜೆ, ಸಂಬಳ ಸಮೇತ. ಟಿಕೆಟ್ ಈಗಲೇ ಮಾಡಿಸ್ತೇನೆ. ಬರೆದವನನ್ನು ಹುಡುಕಿ ಖುಷಿಮಾಡಿ ಕಳಿಸಿ, ಕೇಸಾದ್ರೆ ಗ್ಯಾರೇಜೇ ಮುಚ್ತದೆ ಅಂತ ವಕೀಲರು ಹೇಳಿದ್ದಾರೆ."

ಲೆಸ್ಲಿ ಯಜಮಾನನನ್ನು ನೋಡಿದ, ಪಾಸ್‌ಪೋರ್ಟನ್ನು ನೋಡಿದ, ಕೊನೆಗೆ ರಿಝ್ವಾನನನ್ನು ನೋಡಿದ. ಓದದೆಯೇ ಸೈನ್ ಹಾಕಿದ.

ಹಂಝ ಕಪಾಟಿಗೆ ಮತ್ತೆ ಬೀಗ ಜಡಿದು, ಭಾನುವಾರ ಇನ್ನು ಯಾರೂ ಬರುವುದಿಲ್ಲ ಎಂದ.

"ಹಂಝಾಕ," ಎಂದು ರಿಝ್ವಾನ್ ಎದ್ದು ನಿಂತ. "ಬರೆದದ್ದು ನಾನು."

ಹಂಝ ಅವನ ಬೆನ್ನು ತಟ್ಟಿದ. "ಪಾಸ್‌ಪೋರ್ಟ್ ಕಂಡ ಮೇಲೆ ಎಲ್ಲರೂ ಬರೆದವರೇ, ಮಾರಾಯ."