ಇನ್ನೊಂದು ದಿಂಬು

ಹೃದಯಕ್ಕೆ ಕೆಂಪು ಬಣ್ಣ ಹಾಕುವುದೋ ಗುಲಾಬಿ ಬಣ್ಣ ಹಾಕುವುದೋ ಎಂಬ ಪ್ರಶ್ನೆ ಇತ್ಯರ್ಥವಾಗದೆ ಆಸ್ಪತ್ರೆಯ ಸಮಿತಿ ಮೂರನೆಯ ಸಲ ಸಭೆ ಸೇರಿತ್ತು. ವಿಷಯ ಅಷ್ಟು ಗಹನವಾದದ್ದು. ಹೃದಯ ದುರ್ಬಲವಾದ ರೋಗಿಗಳು ಮನೆಗೆ ಹೊರಡುವಾಗ ಅವರ ಕೈಗೆ ಕೊಡುವ ಒಂದು ಹಾಳೆಯ ತಿಳಿವಳಿಕೆ ಪತ್ರ ಹೊಸದಾಗಿ ಅಚ್ಚಾಗಬೇಕಿತ್ತು. ಅದರ ಮೇಲಿನ ಹೃದಯದ ಚಿತ್ರ ಕೆಂಪಾದರೆ ರೋಗಿ ಹೆದರುತ್ತಾನೆ ಎಂದು ಹೃದಯದ ಡಾಕ್ಟರು. ಗುಲಾಬಿಯಾದರೆ ಮದುವೆಯ ಆಮಂತ್ರಣವೆಂದುಕೊಂಡು ಎತ್ತಿಡುತ್ತಾನೆ ಎಂದು ಹಿರಿಯ ಸಿಸ್ಟರ್.

ಸಮಿತಿಯಲ್ಲಿ ರೋಗಿಗಳ ಕಡೆಯವರೊಬ್ಬರು ಇರಲೇಬೇಕೆಂದು ನಿಯಮ. ಆ ಕುರ್ಚಿಯಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್ ಕೂತಿದ್ದರು. ಅರವತ್ತು ದಾಟಿದ ಮನುಷ್ಯ. ಹೆಂಡತಿಯನ್ನು ಎರಡು ವರ್ಷ ಇದೇ ಆಸ್ಪತ್ರೆಗೆ ತೋರಿಸಿ, ಹೋದ ವರ್ಷ ಕಳೆದುಕೊಂಡವರು. ಹಿಂದಿನ ಎರಡು ಸಭೆಗಳಲ್ಲೂ ಬಿಸ್ಕತ್ತು ತಿಂದು, ತೋರಿಸಿದ ಕಡೆ ಸಹಿ ಹಾಕಿ ಹೋಗಿದ್ದರು. ಒಳ್ಳೆಯ ಸದಸ್ಯರೆಂದು ಹೆಸರಾಗಿತ್ತು.

"ನೀವೇ ಹೇಳಿ ಪೇಂಟರೇ, ಬಣ್ಣ ನಿಮ್ಮ ಕಸುಬು," ಎಂದರು ಡಾಕ್ಟರು.

"ಯಾವುದಾದ್ರೂ ಹಾಕಿ ಸಾರ್. ಆದ್ರೆ ಈ ಐದನೇ ಸಾಲು ಬದಲಾಯಿಸ್ಬೇಕು."

ಸಮಿತಿಗೆ ಗಾಬರಿಯಾಯಿತು. ಸಾಲುಗಳನ್ನು ಅದು ಇನ್ನೂ ಓದಿರಲಿಲ್ಲ.

ಡಾಕ್ಟರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು: "'ಮಲಗಿದಾಗ ಉಸಿರಾಟದ ತೊಂದರೆ ಹೆಚ್ಚಾದಲ್ಲಿ ಕೂಡಲೇ ವೈದ್ಯರನ್ನು ಸಂಪರ್ಕಿಸತಕ್ಕದ್ದು.' ಸರಿಯಾಗೇ ಇದೆಯಲ್ಲ. ಹಳೇ ಪತ್ರದಲ್ಲೂ ಹೀಗೇ ಇತ್ತು."

"ಇತ್ತು. ಅಡುಗೆಮನೆ ಬಾಗಿಲಿಗೆ ಅಂಟಿಸ್ಕೊಂಡಿದ್ವಿ. ಅವಳೇ ದಿನಾ ಓದಿ ಹೇಳೋಳು. ನನ್ನ ಕೈ ಉಪ್ಪಿನ ಡಬ್ಬಿ ಹತ್ರ ಹೋದ್ರೆ ಸಾಕು, 'ರೀ, ಎರಡನೇ ಸಾಲು' ಅನ್ನೋಳು." ಪೇಂಟರ್ ಪತ್ರವನ್ನು ಮೇಜಿನ ಮೇಲೆ ನೇರ ಮಾಡಿಟ್ಟರು. "ಮೊದ್ಲು ಒಂದು ದಿಂಬಿಟ್ಕೊಂಡು ಮಲಗ್ತಿದ್ಲು. ಆಮೇಲೆ ಎರಡಾಯ್ತು. ಒಂದಿನ, 'ನಿಮ್ಮ ದಿಂಬೂ ಇತ್ತ ಕೊಡ್ರಿ' ಅಂದ್ಲು. ಮಹಾರಾಣಿಯವರಿಗೆ ಸಿಂಹಾಸನ ಬೇಕಂತೆ ಅಂತ ರೇಗಿಸ್ಕೊಂಡೇ ಕೊಟ್ಟೆ. ನಕ್ಳು. ಮೂರಕ್ಕೂ ಒರಗಿ ಚೆನ್ನಾಗಿ ನಿದ್ದೆ ಮಾಡಿದ್ಲು."

"ಅಯ್ಯೋ, ಎದೇಲಿ ನೀರು ತುಂಬ್ತಾ ಇತ್ತು," ಎಂದರು ಸಿಸ್ಟರ್. "ಅದಕ್ಕೇ ಅವರಿಗೆ ಒರಗಿದ್ರೆ ಹಾಯೆನಿಸಿದ್ದು. ಆಗಲೇ ಬರಬಾರದಿತ್ತೆ?"

"ಇದು ನಿಮಗೆ ಗೊತ್ತು ಸಿಸ್ಟರ್. ನಮಗೆ ಬರೆದುಕೊಟ್ಟಿದ್ದು ಉಸಿರಾಟದ ತೊಂದರೆ ಅಂತ. ಅವಳಿಗೆ ತೊಂದರೆ ಇರ್ಲಿಲ್ಲ. ದಿಂಬಿತ್ತಲ್ಲ. ನನ್ನ ದಿಂಬು ಕೊಟ್ಟ ಹನ್ನೊಂದನೇ ದಿನ ಕರ್ಕೊಂಡು ಬಂದೆ. ತಡವಾಯ್ತು ಅಂದ್ರಿ."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. "ನೀವು ಹೇಳೋದು ಅರ್ಥವಾಗುತ್ತೆ. ಆದ್ರೆ ದಿಂಬು ಗಿಂಬು ಅಂತೆಲ್ಲ ಅಚ್ಚು ಹಾಕಿಸಿದ್ರೆ... ಆಸ್ಪತ್ರೆ ಪತ್ರ ನೋಡಿ. ಬೇಕಾದ್ರೆ ಕೆಳಗೆ ಸೇರಿಸೋಣ ಅಂದ್ರೂ ಜಾಗ ಇಲ್ಲ. ಹಾಳೆ ಒಂದೇ."

"ಜಾಗ ನಾನು ಮಾಡ್ಕೊಡ್ತೀನಿ." ಪೇಂಟರ್ ಹೆಬ್ಬೆರಳು ತೋರುಬೆರಳು ಚಾಚಿ ಹಾಳೆಯ ನೆತ್ತಿಯನ್ನು ಅಳೆದರು. ಅಲ್ಲಿ ನಿರ್ದೇಶಕರ ಶುಭಸಂದೇಶವೂ, ಅದರ ಕೆಳಗೆ ಅವರ ಹೆಸರೂ, ಹೆಸರಿಗಿಂತ ಉದ್ದವಾದ ಪದವಿಗಳೂ ದಪ್ಪ ಅಕ್ಷರದಲ್ಲಿ ವಿರಾಜಮಾನವಾಗಿದ್ದವು. "ಇದನ್ನ ಅರ್ಧಕ್ಕಿಳಿಸಿದ್ರೆ ಎರಡು ಸಾಲು ಸಲೀಸಾಗಿ ಕೂರುತ್ತೆ. ನಲವತ್ತು ವರ್ಷದಿಂದ ನೋಡ್ತಿದೀನಿ ಸಾರ್, ಮಾಲೀಕರ ಹೆಸರು ದೊಡ್ಡದಾದ್ರೆ ಅಂಗಡೀಲಿ ಏನು ಸಿಗುತ್ತೆ ಅಂತ ಬರೆಯೋಕೆ ಜಾಗ ಉಳಿಯಲ್ಲ."

ಸಿಸ್ಟರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

"ನಿರ್ದೇಶಕರಿಗೆ ಇದನ್ನ ಹೇಳೋರು ಯಾರು?" ಎಂದರು ಡಾಕ್ಟರು.

"ನಾನೇ ಹೇಳ್ತೀನಿ. ನನಗೇನು ಬಡ್ತಿ ಬರಬೇಕಾಗಿಲ್ಲ."

ಕೆಮ್ಮು ನಿಂತ ಮೇಲೆ ಸಿಸ್ಟರ್ ಕೇಳಿದರು: "ಈಗ ನಿಮಗೆ ನಿದ್ದೆ ಸರಿಯಾಗಿ ಬರುತ್ತಾ ಯಜಮಾನರೇ?"

"ಬರುತ್ತಮ್ಮ. ಟವೆಲ್ ಮಡಚಿ ತಲೆಗಿಟ್ಕೋತೀನಿ. ದಿಂಬು ಮೂರೂ ಅವಳ ಕಡೇಲೇ ಇವೆ. ನನ್ನದು ಯಾವುದು ಅಂತ ಗೊತ್ತು, ಎಣ್ಣೆ ಕಲೆ ಇದೆ. ವಾಪಸ್ ಎಳ್ಕೊಳ್ಳೋಕೆ ಮನಸ್ಸು ಬರಲ್ಲ. ಅವಳಾಗಿ ಬಾಯಿಬಿಟ್ಟು ಕೇಳಿ ತಗೊಂಡಿದ್ದು. ಅಷ್ಟು ವರ್ಷದಲ್ಲಿ ಏನನ್ನೂ ಕೇಳಿದೋಳಲ್ಲ."

ಯಾರೂ ಬಿಸ್ಕತ್ತಿಗೆ ಕೈ ಹಾಕಲಿಲ್ಲ. ಡಾಕ್ಟರು ಐದನೆಯ ಸಾಲನ್ನು ಹೊಡೆದುಹಾಕಿ, ಪತ್ರವನ್ನೂ ಪೆನ್ನನ್ನೂ ಪೇಂಟರ ಮುಂದೆ ಸರಿಸಿದರು. ಪೇಂಟರ್ ಕರಡು ಮಾಡಲಿಲ್ಲ, ಯೋಚಿಸಲೂ ಇಲ್ಲ. ಒಂದು ವರ್ಷದಿಂದ ಬಾಯಿಪಾಠವಾಗಿದ್ದದ್ದನ್ನು ಬೋರ್ಡಿನ ದುಂಡು ಅಕ್ಷರಗಳಲ್ಲಿ ಇಳಿಸಿದರು: 'ಮಲಗಲು ಇನ್ನೊಂದು ದಿಂಬು ಬೇಕೆನಿಸಿತೆ? ದಿಂಬು ಕೊಡಿ. ಅದೇ ದಿನ ಆಸ್ಪತ್ರೆಗೆ ಕರೆತನ್ನಿ.'

ಮರುತಿಂಗಳು, ನಿರ್ದೇಶಕರ ಶುಭಸಂದೇಶ ಅರ್ಧಕ್ಕಿಳಿದು, ಪತ್ರ ಅಚ್ಚಾಗಿ ಬಂತು. ಮೊದಲ ವಾರ ದಿಂಬಿನ ದೂರು ಹೊತ್ತು ಮೂವರು ಆಸ್ಪತ್ರೆಗೆ ಬಂದರು. ಇಬ್ಬರಿಗೆ ಬರೀ ಕತ್ತು ನೋವು. ಗಂಡ ಕರೆತಂದಿದ್ದ ಮೂರನೆಯಾಕೆಯನ್ನು ಅಂದೇ ಸೇರಿಸಿಕೊಂಡು, ಎಂಟು ದಿನದ ಮೇಲೆ ಮನೆಗೆ ಕಳಿಸಿದರು.