ಒಡೆದ ಅಕ್ಷರ

ಶೈಲಜಾ ಮನೆಯಲ್ಲೇ ಕೂತು ಕೋರಲ್‌ಡ್ರಾದಲ್ಲಿ ಮದುವೆ ಕಾರ್ಡು ಮಾಡಿ ಗದಗಿನ ಪ್ರೆಸ್ಸಿಗೆ ಕಳಿಸುತ್ತಿದ್ದಳು. ಅಲ್ಲಿ ಬೇರೆ ಸಾಫ್ಟ್‌ವೇರು. ಕಳಿಸಿದಾಗಲೆಲ್ಲ ಪ್ರೆಸ್ಸಿನ ಮಹಾಂತೇಶ ಫೋನು ಮಾಡುತ್ತಿದ್ದ.

“ಮೇಡಂ, ಇವತ್ತೂ ಅಕ್ಷರ ಒಡದಾವ್ರಿ. ವರನ ಹೆಸರಿನ ಜಾಗಾದಾಗ ಬರೇ ಚೌಕ ಚೌಕ ಕಾಣಾಕತ್ತಾವು. ನಿಮ್ಮ ಫಾಂಟ್ ನಮ್ಮಲ್ಲಿ ಇಲ್ಲಲ್ರಿ.”

“ಹೌದ್ರಿ? ತಡೀರಿ, ಮತ್ತ ಕಳಸ್ತೀನಿ.”

ಮತ್ತೆ ಕಳಿಸುವ ಮಾತು ಅರ್ಧ ತಾಸು ನಡೆಯುತ್ತಿತ್ತು. ಊಟಕ್ಕೆ ಏನು ಮಾಡಿದ್ದರು ಎಂಬುದೂ ಅದರಲ್ಲಿ ಬರುತ್ತಿತ್ತು.

ಕೇಳಿ ಕೇಳಿ ಅಕ್ಕನಿಗೆ ಸಾಕಾಯಿತು. “ಅಕ್ಷರನೆಲ್ಲಾ ಕರ್ವ್ ಮಾಡಿದ್ರ ಚಿತ್ರ ಆಗ್ತಾವು, ಯಾವ ಸಾಫ್ಟ್‌ವೇರಿನ್ಯಾಗೂ ಒಡಿಯೂದಿಲ್ಲ. ನನಗ ಇದನ್ನ ಕಲಿಸಿದಾಕಿ ನೀನ!”

“ಹಂಗ ಕಳಿಸಿದ್ರ ಅವರ ಫೋನ್ ಬರೂದಿಲ್ಲ,” ಎಂದು ಶೈಲಜಾ ಗೊಣಗಿದಳು.

ಅಕ್ಕ ನಗುತ್ತಲೇ ಮೌಸ್ ಕಸಿದುಕೊಂಡು, ಕರ್ವ್ ಮಾಡಿ ಕಳಿಸಿಯೇಬಿಟ್ಟಳು. ಫೋನು ಸುಮ್ಮನಾಯಿತು. ಶೈಲಜಾ ಅಕ್ಕನ ಜೊತೆ ಮಾತು ಬಿಟ್ಟಳು.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು.

“ಫೈಲ್ ಛಲೋ ತೆರಕೊಂಡೈತ್ರಿ.” ಮಹಾಂತೇಶನ ದನಿ ಸಪ್ಪಗಿತ್ತು. “ಕರ್ವ್ ಯಾಕ ಮಾಡಿದ್ರಿ ಮೇಡಂ? ನಿಮ್ಮ ಫಾಂಟ್ ನನ್ನ ಕಂಪ್ಯೂಟರಿನ್ಯಾಗ ಮೊದಲಿಂದಾನೂ ಐತ್ರಿ!”